ಸಿಡಿಲು ಟವರ್ ಬಿಟ್ಟು ಬೇವಿನ ಗಿಡಕ್ಕೆ ಬಡಿದದ್ದೇಕೆ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಕಳೆದ ಮೇ ತಿಂಗಳ ಒಂದು ಸಂಜೆ ನಮ್ಮ ಹೊಲದ ಬದುವಿನ ಮೇಲಿದ್ದ ಬೇವಿನ ಗಿಡಕ್ಕೆ ಸಿಡಿಲು ಬಡಿಯಿತು. ಅಲ್ಲಿಂದ ಸುಮಾರು ನಾನೂರು ಮೀಟರ್ ದೂರದಲ್ಲಿ, ಗಿಡಕ್ಕಿಂತ ಬಹಳ ಎತ್ತರವಾದ ಮೊಬೈಲ್ ಟವರ್ ಇದೆ, ಅದಕ್ಕೇನೂ ಆಗಲಿಲ್ಲ. ನನ್ನ ಮಗ ಮಾಳಿಗೆಯ ಮೇಲೆ ನಿಂತು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯುತ್ತಿದ್ದ. ಅದರಲ್ಲಿ ಮೊದಲು ಮೋಡದ ಕೆಳಗೆ ಮಂಕಾದ ಎಳೆಗಳು ಅಂಕುಡೊಂಕಾಗಿ ಇಳಿಯುವುದು ಕಾಣುತ್ತದೆ. ಆಮೇಲೆ ಒಂದು ಚಿತ್ರದಲ್ಲಿ ಕೆಳಗಿನ ಅರ್ಧ ಮಾತ್ರ ಬೆಳಗಿ, ಮುಂದಿನ ಚಿತ್ರದಲ್ಲಿ ಮೇಲಿನ ಅರ್ಧ ಬೆಳಗುತ್ತದೆ. ಸಿಡಿಲು ನೆಲದಿಂದಲೇ ಮೇಲಕ್ಕೆ ಹೋಗುತ್ತದೆ ಎಂದು ಅವನ ಶಾಲೆಯ ವಿಜ್ಞಾನ ಶಿಕ್ಷಕರು ಹೇಳಿದ್ದಾರಂತೆ. ಯಾವುದು ನಿಜ? ಅದು ನೆಟ್ಟಗೆ ಬಾರದೆ ಸೊಟ್ಟಸೊಟ್ಟಾಗಿ ಬರುವುದೇಕೆ? ಎತ್ತರದ ಟವರನ್ನು ಬಿಟ್ಟದ್ದೇಕೆ? ಪಂಪ್‌ಸೆಟ್ಟಿನ ಕೋಣೆಯ ಮೇಲೆ ಮಿಂಚುವಾಹಕ ಹಾಕಿಸಿದರೆ ಸಿಡಿಲನ್ನು ನಾವೇ ಕರೆದಂತಾಗುವುದಿಲ್ಲವೇ?

ಉತ್ತರ: ನೀವು ಕೇಳಿದ ನಾಲ್ಕೂ ಪ್ರಶ್ನೆಗಳಿಗೆ ಬೇರು ಒಂದೇ. ಮೋಡದಿಂದ ಹೊರಟ ಸಿಡಿಲು ಎಲ್ಲಿ ಇಳಿಯಬೇಕೆಂಬುದು ಅದು ಹೊರಡುವಾಗ ತೀರ್ಮಾನವಾಗಿರುವುದಿಲ್ಲ. ಐದಾರು ಕಿಲೋಮೀಟರಿನ ದಾರಿಯನ್ನು ಅದು ತುಣುಕು ತುಣುಕಾಗಿ, ಆಯಾ ಕ್ಷಣಕ್ಕೆ ತನ್ನ ತುದಿಯ ಮುಂದಿರುವ ಗಾಳಿಯ ಸ್ಥಿತಿಗೆ ಅನುಗುಣವಾಗಿ ಕಟ್ಟಿಕೊಳ್ಳುತ್ತ ಬರುತ್ತದೆ. ನೆಲದ ಮೇಲಿರುವ ಗಿಡ, ಟವರ್, ಗುಡಿಯ ಶಿಖರ ಇವು ಲೆಕ್ಕಕ್ಕೆ ಬರುವುದು ಕೊನೆಯ ನೂರು ಮೀಟರಿನ ಆಸುಪಾಸಿನಲ್ಲಿ ಮಾತ್ರ. ಶಾಲೆಯ ಗೋಡೆಪಟಗಳಲ್ಲಿ ಮೋಡದಿಂದ ನೆಲಕ್ಕೆ ಒಂದೇ ಬಾಣ ಎಳೆದು ಮುಗಿಸುವುದರಿಂದ ಈ ಸಂಗತಿ ಮರೆಯಾಗಿಬಿಡುತ್ತದೆ, ಮತ್ತು ನಿಮ್ಮ ಮಗನಿಗೆ ಬಂದಂಥ ಗೊಂದಲ ಸಹಜವಾಗಿಯೇ ಹುಟ್ಟುತ್ತದೆ.

ಮೊದಲು ಮೋಡವನ್ನು ನೋಡೋಣ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುವುದು ಹೊಸದಲ್ಲ. ಆ ಕಾವಿಗೆ ನೆಲದ ಮೇಲಿನ ಗಾಳಿ ಏರಲು ಸಿದ್ಧವಾಗಿಯೇ ಇರುತ್ತದೆ. ಕೊರತೆ ಇರುವುದು ತೇವದ್ದು. ಮಹಾರಾಷ್ಟ್ರದ ಕಡೆಯಿಂದ ಉತ್ತರ ಒಳನಾಡನ್ನು ಹಾದು ದಕ್ಷಿಣಕ್ಕೆ ಚಾಚುವ ಕಡಿಮೆ ಒತ್ತಡದ ಪಟ್ಟಿಯೊಂದು ಸಮುದ್ರದ ತೇವವನ್ನು ಒಳಕ್ಕೆ ಸೆಳೆದ ದಿನ, ಮೂರು ಗಂಟೆಯವರೆಗೆ ಸುಡುತ್ತಿದ್ದ ಆಕಾಶದಲ್ಲಿ ಸಂಜೆಯೊಳಗೆ ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದ ಮೋಡ ಎದ್ದು ನಿಲ್ಲಬಲ್ಲದು. ಭರಣಿ, ಕೃತ್ತಿಕೆ, ರೋಹಿಣಿ ಎಂದು ನಮ್ಮವರು ಹೆಸರಿಡುವ ಮಳೆಗಳಲ್ಲಿ ನೀರಿಗಿಂತ ಗುಡುಗಿನ ಆರ್ಭಟವೇ ಹೆಚ್ಚೆನ್ನಿಸುವುದು ಇಂಥ ಮೋಡಗಳಿಂದ.

ನೆಲದಿಂದ ಸುಮಾರು ಐದು ಕಿಲೋಮೀಟರ್ ಮೇಲೆ ಸೊನ್ನೆ ಡಿಗ್ರಿ ಬರುತ್ತದೆ. ಅದರ ಮೇಲೆಯೂ ನೀರಿನ ಹನಿಗಳು ಕೂಡಲೇ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿದಿರುತ್ತವೆ, ಮತ್ತು ಅವುಗಳ ನಡುವೆ ಹಗುರ ಹಿಮದ ಹರಳುಗಳೂ ಭಾರವಾದ ಮೆದು ಆಲಿಕಲ್ಲಿನ ಉಂಡೆಗಳೂ ಒಂದಕ್ಕೊಂದು ತಾಗುತ್ತ ಏರಿಳಿಯುತ್ತವೆ. ಹೀಗೆ ತಾಗಿದಾಗ ಉಂಡೆಯು ಋಣ ಆವೇಶವನ್ನೂ ಹರಳು ಧನ ಆವೇಶವನ್ನೂ ಪಡೆಯುತ್ತದೆ; ಏರುಗಾಳಿಯು ಹಗುರವಾದ ಹರಳನ್ನು ಮೋಡದ ನೆತ್ತಿಗೆ ಒಯ್ಯುತ್ತದೆ, ಭಾರವಾದ ಉಂಡೆ ನಡುವಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ಮೈನಸ್ ಹತ್ತರಿಂದ ಮೈನಸ್ ಇಪ್ಪತ್ತೈದು ಡಿಗ್ರಿಯ ಮಟ್ಟದಲ್ಲಿ, ಎಂದರೆ ನಮ್ಮ ಕಡೆ ಏಳೆಂಟು ಕಿಲೋಮೀಟರ್ ಎತ್ತರದ ಸುತ್ತಮುತ್ತ, ಋಣ ಆವೇಶದ ದಟ್ಟ ಪದರವೊಂದು ನಿಲ್ಲುತ್ತದೆ. ಇನ್ನೂ ಕೆಳಗೆ, ಬೆಚ್ಚಗಿನ ಮಟ್ಟದಲ್ಲಿ, ಇದೇ ತಾಕಲಾಟದ ಫಲ ತಿರುವುಮುರುವಾಗುವುದರಿಂದ ಧನ ಆವೇಶದ ಚಿಕ್ಕದೊಂದು ಪದರ ಇರುತ್ತದೆ. ಚಿಕ್ಕದಾದರೂ ಅದರ ಪಾತ್ರ ದೊಡ್ಡದು. ಋಣ ಪದರಕ್ಕೂ ಇದಕ್ಕೂ ನಡುವಿನ ಜಾಗದಲ್ಲಿಯೇ ವಿದ್ಯುತ್ ಕ್ಷೇತ್ರ ತೀವ್ರವಾಗಿ, ನೆಲಕ್ಕೆ ಬರುವ ಹೆಚ್ಚಿನ ಸಿಡಿಲುಗಳು ಅಲ್ಲಿಂದಲೇ ಹೊರಡುತ್ತವೆ.

ಆದರೆ ಹೊರಡುವುದು ಹೇಗೆ? ಇಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ತೊಡಕು ಇದೇ. ಸಮುದ್ರಮಟ್ಟದ ಒಣಗಾಳಿಯನ್ನು ವಿದ್ಯುತ್ತು ಭೇದಿಸಬೇಕಾದರೆ ಒಂದು ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿನಷ್ಟು ತೀವ್ರತೆ ಬೇಕು. ಎತ್ತರದಲ್ಲಿ ಗಾಳಿ ವಿರಳವಾಗಿರುವುದರಿಂದ ಅಷ್ಟು ಬೇಡ ಎಂದಿಟ್ಟುಕೊಂಡರೂ, ಬಲೂನುಗಳನ್ನು ಗುಡುಗು ಮೋಡದೊಳಗೆ ಹಾರಿಸಿ ಅಳೆದಾಗ ಸಿಕ್ಕಿದ್ದು ಸಾಮಾನ್ಯವಾಗಿ ಮೀಟರಿಗೆ ಒಂದೆರಡು ಲಕ್ಷ ವೋಲ್ಟ್ ಮಾತ್ರ. ಬೇಕಾದುದಕ್ಕಿಂತ ಹಲವು ಪಟ್ಟು ಕಡಿಮೆ. ನೀರಿನ ಹನಿ ಅಥವಾ ಹಿಮದ ಹರಳಿನ ಚೂಪು ತುದಿಯಲ್ಲಿ ಕ್ಷೇತ್ರ ಒಮ್ಮೆಗೇ ಹೆಚ್ಚಿ ಅಲ್ಲಿ ಕಿಡಿಯ ಮೊಳಕೆ ಒಡೆಯುತ್ತದೆ ಎಂಬುದು ಒಂದು ವಿವರಣೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಬಿಡಿಸಿದ ಅತಿವೇಗದ ಎಲೆಕ್ಟ್ರಾನುಗಳು, ಗಾಳಿಯ ತಡೆಗೆ ಜಗ್ಗದೆ ಓಡುತ್ತ ತಮ್ಮಂಥ ಇನ್ನಷ್ಟನ್ನು ಎಬ್ಬಿಸಿಕೊಂಡು ಹೋಗುತ್ತವೆ ಎಂಬುದು ಇನ್ನೊಂದು. ಎರಡೂ ಸೇರಿಯೇ ಕೆಲಸ ಮಾಡುತ್ತವೆ ಎನ್ನುವವರೂ ಇದ್ದಾರೆ.

ಮೊಳಕೆ ಒಡೆದ ಮೇಲಿನ ಕಥೆ ಹೆಚ್ಚು ಸ್ಪಷ್ಟ. ಸಿಡಿಲಿನ ಕಾಲುವೆ ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಹುಟ್ಟಿದ ಜಾಗದಿಂದ ಎರಡೂ ಕಡೆಗೆ ಬೆಳೆಯುತ್ತದೆ. ಹೈಂಜ್ ಕಾಸೆಮಿರ್ ಎಂಬ ವಿಜ್ಞಾನಿ 1950ರಲ್ಲಿಯೇ ಇದನ್ನು ಮಂಡಿಸಿದ್ದರೂ ಬಹುಕಾಲ ಯಾರೂ ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ. ಒಂದು ತುದಿ ಧನ ಆವೇಶ ಹೊತ್ತು ಮೇಲಕ್ಕೆ, ಋಣ ಪದರದೊಳಗೆ ಕವಲೊಡೆಯುತ್ತ ನುಗ್ಗುತ್ತದೆ. ಇನ್ನೊಂದು ತುದಿ ಋಣ ಆವೇಶ ಹೊತ್ತು ಕೆಳಗಿಳಿಯುತ್ತದೆ. ನಾವು ನೆಲದ ಮೇಲೆ ನಿಂತು ನೋಡುವುದು ಈ ಕೆಳಗಿನ ಅರ್ಧವನ್ನು ಮಾತ್ರ. ಮೋಡದೊಳಗೆ ಅಷ್ಟೇ ಹರವಾದ, ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡದಾದ ಮೇಲಿನ ಅರ್ಧವೊಂದು ಅದೇ ಹೊತ್ತಿಗೆ ಬೆಳೆಯುತ್ತಿರುತ್ತದೆ. ಹೀಗೆ ಬೆಳೆಯುವ, ವಿದ್ಯುತ್ತನ್ನು ಸಾಗಿಸಬಲ್ಲ ಬಿಸಿ ಕಾಲುವೆಗೆ ಲೀಡರ್ ಎಂಬ ಹೆಸರಿದೆ.

ಲೀಡರಿನ ಒಳಗಿನ ಗಾಳಿ ಸಾವಿರಾರು ಡಿಗ್ರಿ ಕಾದು ತಂತಿಯಂತೆ ವರ್ತಿಸುತ್ತದೆ. ಉದ್ದನೆಯ ತಂತಿಯ ತುದಿಯಲ್ಲಿ ಕ್ಷೇತ್ರ ಕೇಂದ್ರೀಕೃತವಾಗುವುದರಿಂದ, ಸುತ್ತಲಿನ ಮೋಡದ ಕ್ಷೇತ್ರ ತಾನಾಗಿ ಗಾಳಿಯನ್ನು ಭೇದಿಸಲು ಸಾಲದಿದ್ದರೂ ತುದಿಯಲ್ಲಿ ಅದು ಸಾಲುವಷ್ಟಾಗುತ್ತದೆ. ತುದಿಯ ಮುಂದೆ ಸ್ಟ್ರೀಮರ್ ಎನ್ನುವ ತಣ್ಣನೆಯ, ನೇರಳೆ ಛಾಯೆಯ ಸಣ್ಣ ಎಳೆಗಳು ಬೀಸಣಿಗೆಯ ಹಾಗೆ ಹರಡುತ್ತವೆ. ಒಂದೊಂದು ಎಳೆಯಲ್ಲೂ ಹರಿಯುವ ವಿದ್ಯುತ್ತು ತೀರ ಅಲ್ಪ. ಆದರೆ ನೂರಾರು ಎಳೆಗಳ ವಿದ್ಯುತ್ತು ಒಂದೇ ಬುಡಕ್ಕೆ ಬಂದು ಸೇರುವಲ್ಲಿ ಗಾಳಿ ಕಾಯುತ್ತದೆ, ಕಾದ ಗಾಳಿ ವಿದ್ಯುತ್ತಿಗೆ ಇನ್ನಷ್ಟು ದಾರಿ ಕೊಡುತ್ತದೆ, ಅದರಿಂದ ಇನ್ನಷ್ಟು ಕಾಯುತ್ತದೆ. ಹೀಗೆ ತಣ್ಣನೆಯ ಎಳೆಗಳ ಗುಂಪು ಬಿಸಿ ಕಾಲುವೆಯಾಗಿ ಮಾರ್ಪಡುವುದೇ ಲೀಡರಿನ ಮುನ್ನಡೆ. ಸಿಡಿಲು ತನ್ನ ತಂತಿಯನ್ನು ತಾನೇ ಎಳೆದುಕೊಳ್ಳುತ್ತ ಬರುತ್ತದೆ ಎಂದರೆ ತಪ್ಪಾಗದು.

ಕೆಳಗಿಳಿಯುವ ಋಣ ಲೀಡರ್ ಈ ಕೆಲಸವನ್ನು ಒಂದೇ ಸಮನೆ ಮಾಡುವುದಿಲ್ಲ. ಜಿಗಿದು, ನಿಂತು, ಮತ್ತೆ ಜಿಗಿಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವರ್ನನ್ ಬಾಯ್ಸ್ ಎಂಬವರು 1900ರ ಸುಮಾರಿಗೆ ತಿರುಗುವ ಮಸೂರಗಳ ಕ್ಯಾಮೆರಾ ಒಂದನ್ನು ರೂಪಿಸಿದರು. ಅದನ್ನು ಬಳಸಿ ದಕ್ಷಿಣ ಆಫ್ರಿಕಾದ ಬೇಸಿಲ್ ಶೋನ್‌ಲೆಂಡ್ ಮತ್ತು ಸಂಗಡಿಗರು 1930ರ ದಶಕದಲ್ಲಿ ಈ ಹಂತಹಂತದ ಇಳಿತವನ್ನು ಮೊದಲ ಬಾರಿಗೆ ಚಿತ್ರದಲ್ಲಿ ಹಿಡಿದರು. ಒಂದು ಜಿಗಿತ ಹತ್ತಾರು ಮೀಟರಿನದು, ಸಾಮಾನ್ಯವಾಗಿ ಐವತ್ತು ಮೀಟರಿನ ಆಸುಪಾಸು. ಅದಕ್ಕೆ ಹಿಡಿಯುವ ಕಾಲ ಸುಮಾರು ಒಂದು ಮೈಕ್ರೊಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ. ಆಮೇಲೆ 20ರಿಂದ 50 ಮೈಕ್ರೊಸೆಕೆಂಡುಗಳ ಬಿಡುವು. ನಿಲುಗಡೆಗಳನ್ನೂ ಸೇರಿಸಿಕೊಂಡರೆ ಸರಾಸರಿ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಮೀಟರ್. ಆರು ಕಿಲೋಮೀಟರ್ ಇಳಿಯಲು 30 ಮಿಲಿಸೆಕೆಂಡು ಸಾಕು.

ಬಿಡುವಿನಲ್ಲಿ ಏನು ನಡೆಯುತ್ತದೆ ಎಂಬುದು ಬಹುಕಾಲ ಗೊತ್ತಿರಲಿಲ್ಲ. ಪ್ರಯೋಗಾಲಯದ ಉದ್ದನೆಯ ಕಿಡಿಗಳನ್ನೂ ಆಮೇಲೆ ಆಕಾಶದ ಸಿಡಿಲುಗಳನ್ನೂ ಅತಿವೇಗದ ಕ್ಯಾಮೆರಾಗಳಲ್ಲಿ ನೋಡಿದಾಗ ತಿಳಿದದ್ದು ಇಷ್ಟು: ತುದಿಯಿಂದ ಸ್ವಲ್ಪ ಮುಂದೆ, ಸ್ಟ್ರೀಮರುಗಳ ಗುಂಪಿನ ನಡುವೆ, ಕಾಲುವೆಗೆ ಅಂಟಿಕೊಳ್ಳದೆ ಬೆಳಕಿನ ಒಂದು ತುಣುಕು ತಾನೇತಾನಾಗಿ ಹುಟ್ಟುತ್ತದೆ. ಅದೂ ಎರಡೂ ಕಡೆಗೆ ಬೆಳೆದು, ಹಿಂದಿನ ತುದಿಯಿಂದ ಮುಖ್ಯ ಕಾಲುವೆಯನ್ನು ಮುಟ್ಟುತ್ತದೆ. ಮುಟ್ಟಿದ ಕ್ಷಣದಲ್ಲಿ ಕಾಲುವೆಯ ಉದ್ದ ಒಮ್ಮೆಗೇ ಅಷ್ಟು ಹೆಚ್ಚುತ್ತದೆ, ಹೊಸ ತುದಿಯಿಂದ ಹೊಸ ಸ್ಟ್ರೀಮರುಗಳು ಸಿಡಿಯುತ್ತವೆ. ಅದನ್ನೇ ನಾವು ಜಿಗಿತ ಎನ್ನುತ್ತೇವೆ. ಇಂಥ ಜಿಗಿತಗಳ ಜೊತೆಗೆ ಎಕ್ಸ್‌ರೇ ಕೂಡ ಹೊಮ್ಮುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಮುಂದಿನ ಬೆಳಕಿನ ತುಣುಕು ತುದಿಯ ಎಡಕ್ಕೆ ಹುಟ್ಟುವುದೋ ಬಲಕ್ಕೆ ಹುಟ್ಟುವುದೋ ಎಂಬುದನ್ನು ನಿರ್ಧರಿಸುವುದು ಆ ಹತ್ತಾರು ಮೀಟರಿನೊಳಗಿನ ಸಂಗತಿಗಳು: ಅಲ್ಲಿ ತೇಲುತ್ತಿರುವ ಆವೇಶದ ಗುಂಪುಗಳು, ಅಕ್ಕಪಕ್ಕದ ಕವಲುಗಳ ಪ್ರಭಾವ, ಸ್ಟ್ರೀಮರುಗಳ ಆಕಸ್ಮಿಕ ಹರಡುವಿಕೆ. ಒಟ್ಟಾರೆ ದಿಕ್ಕು ಕೆಳಮುಖವಾದರೂ ಒಂದೊಂದು ಜಿಗಿತದ ದಿಕ್ಕು ಬೇರೆ. ಕೆಲವೊಮ್ಮೆ ಒಂದೇ ಬುಡದಿಂದ ಎರಡು ತುಣುಕುಗಳು ಕೂಡಿಕೊಂಡರೆ ಅಲ್ಲಿಗೆ ಕವಲು. ನಿಮ್ಮ ಮಗನ ವಿಡಿಯೊದಲ್ಲಿ ಮಂಕಾಗಿ ಇಳಿದ ಎಳೆಗಳು ಇವೇ, ಮತ್ತು ಸಾಮಾನ್ಯ ಮೊಬೈಲಿನಲ್ಲಿ ಲೀಡರನ್ನು ಹಿಡಿದದ್ದು ಮೆಚ್ಚತಕ್ಕ ಸಂಗತಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲಿನಲ್ಲಿ ಒಂದು ಚಿತ್ರಕ್ಕೆ ನಾಲ್ಕು ಮಿಲಿಸೆಕೆಂಡಿನಷ್ಟು ಕಾಲ ಸಿಗುವುದರಿಂದ, 30 ಮಿಲಿಸೆಕೆಂಡಿನ ಇಳಿತ ಏಳು ಚಿತ್ರಗಳಲ್ಲಿ ಹಂಚಿಹೋಗುತ್ತದೆ. ಆದರೆ ಅದನ್ನು ಮಾಳಿಗೆಯ ಮೇಲೆ ನಿಂತು ಹಿಡಿದದ್ದನ್ನು ಮೆಚ್ಚಲಾರೆ. ಗುಡುಗು ಕೇಳುವಷ್ಟು ಹತ್ತಿರ ಮೋಡವಿದ್ದರೆ ಮಾಳಿಗೆ ಸಿಡಿಲಿನ ವ್ಯಾಪ್ತಿಯಲ್ಲಿಯೇ ಇರುತ್ತದೆ. ಕೋಣೆಯೊಳಗೆ ಕಿಟಕಿಯಿಂದ ದೂರ ಸ್ಟ್ಯಾಂಡ್ ಇಟ್ಟು ಮೊಬೈಲನ್ನು ಹೊರಮುಖವಾಗಿ ನಿಲ್ಲಿಸಿದರೆ ಅಷ್ಟೇ ಚೆನ್ನಾದ ವಿಡಿಯೊ ಸಿಗುತ್ತದೆ.

ಇನ್ನು ನೆಲದ ಸಮೀಪ. ಲೀಡರ್ ನೆಲಕ್ಕೆ ಹತ್ತಿರವಾದಂತೆ ಕೆಳಗಿರುವ ಪ್ರತಿಯೊಂದು ಚೂಪು ವಸ್ತುವಿನ ತುದಿಯಲ್ಲೂ ಕ್ಷೇತ್ರ ಏರತೊಡಗುತ್ತದೆ: ಗಿಡದ ಟೊಂಗೆ, ತಂತಿಬೇಲಿಯ ಕಂಬ, ದನದ ಕೊಂಬು, ಹೊಲದಲ್ಲಿ ನಿಂತವರ ತಲೆ. ಅವುಗಳಿಂದಲೂ ಮೇಲ್ಮುಖವಾಗಿ ಸಣ್ಣ ಲೀಡರುಗಳು ಏಳುತ್ತವೆ. ಹಲವು ಎದ್ದರೂ ಸಾಮಾನ್ಯವಾಗಿ ಒಂದು ಮಾತ್ರ ಇಳಿದು ಬಂದ ಕಾಲುವೆಯನ್ನು ಕೂಡುತ್ತದೆ. ಉಳಿದವು ಅಲ್ಲಿಯೇ ಅಡಗುತ್ತವೆ. ಯಾವುದು ಕೂಡಬಲ್ಲದು ಎಂಬುದು ಲೀಡರಿನ ತುದಿ ಯಾವುದರ ನಿಲುಕಿನೊಳಗೆ ಬಂತು ಎಂಬುದನ್ನು ಅವಲಂಬಿಸಿದೆ. ಲೀಡರು ಹೊತ್ತ ಆವೇಶ ಹೆಚ್ಚಿದ್ದಷ್ಟೂ ಈ ನಿಲುಕು ಹೆಚ್ಚು. ರಕ್ಷಣಾ ವ್ಯವಸ್ಥೆಗಳ ಲೆಕ್ಕದಲ್ಲಿ ಬಳಸುವ ಸೂತ್ರದ ಪ್ರಕಾರ, 10 ಸಾವಿರ ಆಂಪಿಯರಿನ ಸಿಡಿಲಿಗೆ ಅದು ಸುಮಾರು 45 ಮೀಟರ್. 30 ಸಾವಿರ ಆಂಪಿಯರಿನ ಸಾಧಾರಣ ಸಿಡಿಲಿಗೆ ಸುಮಾರು 90 ಮೀಟರ್.

ಈ ಅಂಕಿಗಳನ್ನು ನಿಮ್ಮ ಹೊಲಕ್ಕೆ ಅನ್ವಯಿಸಿ ನೋಡೋಣ. ಟವರ್ ನಲವತ್ತು ಮೀಟರ್ ಎತ್ತರವಿದೆ ಎಂದಿಟ್ಟುಕೊಳ್ಳಿ. ಅದು ತನ್ನ ಸುತ್ತಲಿನ ನೆಲವನ್ನು ಸಣ್ಣ ಸಿಡಿಲಿನಿಂದ ಕಾಯಬಲ್ಲದ್ದು ಬುಡದಿಂದ ಸುಮಾರು 45 ಮೀಟರಿನವರೆಗೆ, ಸಾಧಾರಣ ಸಿಡಿಲಿನಿಂದ 75 ಮೀಟರಿನವರೆಗೆ. ನಿಮ್ಮ ಬೇವಿನ ಗಿಡ ಇರುವುದು ನಾನೂರು ಮೀಟರಿನಾಚೆ. ಆ ಸಂಜೆ ಲೀಡರಿನ ತುದಿ ಅಂಕುಡೊಂಕಾಗಿ ಇಳಿಯುತ್ತ ನಿಮ್ಮ ಬದುವಿನ ನೆತ್ತಿಗೆ ಬಂದು ನಿಂತಾಗ ಅದರ ನಿಲುಕಿನೊಳಗೆ ಇದ್ದದ್ದು ಬೇವು, ಬೇಲಿ ಮತ್ತು ಹೊಲ ಮಾತ್ರ. ಟವರ್ ಸ್ಪರ್ಧೆಯಲ್ಲಿಯೇ ಇರಲಿಲ್ಲ. ವರ್ಷಗಳ ಲೆಕ್ಕ ಹಿಡಿದರೆ ಟವರಿಗೆ ಗಿಡಕ್ಕಿಂತ ಹೆಚ್ಚು ಬಾರಿ ಬಡಿಯುತ್ತದೆ ಎಂಬುದೂ ನಿಜ, ಏಕೆಂದರೆ ಅದರ ನಿಲುಕಿನ ವೃತ್ತ ಗಿಡದ್ದಕ್ಕಿಂತ ದೊಡ್ಡದು. ಆದರೆ ಎತ್ತರದ ವಸ್ತು ಇಡೀ ಊರಿನ ಸಿಡಿಲನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಮತ್ತು ಟವರ್ ಕಾಣುತ್ತಿದೆ ಎಂಬ ಧೈರ್ಯದಿಂದ ಮಳೆಯಲ್ಲಿ ಹೊಲದ ಕೆಲಸ ಮುಂದುವರಿಸುವುದು ಅಪಾಯ.

ಈಗ ಶಿಕ್ಷಕರ ಮಾತಿಗೆ ಬರೋಣ. ಇಳಿದ ಲೀಡರೂ ಏರಿದ ಲೀಡರೂ ಕೂಡಿದ ಕ್ಷಣದಲ್ಲಿ ಮೋಡದಿಂದ ನೆಲದವರೆಗೆ ಒಂದೇ ದಾರಿ ತೆರೆಯುತ್ತದೆ. ಆಗ ಕಾಲುವೆಯ ತಳದ ಭಾಗದಲ್ಲಿ ತುಂಬಿಕೊಂಡಿದ್ದ ಎಲೆಕ್ಟ್ರಾನುಗಳು ಮೊದಲು ನೆಲಕ್ಕೆ ಸುರಿಯುತ್ತವೆ. ಅವುಗಳ ಮೇಲಿದ್ದವು ಅನಂತರ. ಅವುಗಳ ಮೇಲಿನವು ಇನ್ನೂ ಅನಂತರ. ನಮ್ಮ ದಾಲ್ ಮಿಲ್ಲುಗಳಲ್ಲಿ ತೊಗರಿ ತುಂಬಿದ ಉದ್ದನೆಯ ಹಾಪರಿನ ಕೆಳಬಾಗಿಲು ಎಳೆದಾಗ ಕಾಳು ಬೀಳುವುದು ಕೆಳಕ್ಕೇ ಆದರೂ ಸಡಿಲಾಗುವಿಕೆ ತಳದಿಂದ ಮೇಲಕ್ಕೆ ಹಬ್ಬುವ ಹಾಗೆ, ಇಲ್ಲಿಯೂ ಹರಿವು ಕೆಳಮುಖ, ಅದರ ಆರಂಭದ ಅಲೆ ಮೇಲ್ಮುಖ. ರಿಟರ್ನ್ ಸ್ಟ್ರೋಕ್ ಎನ್ನುವ ಈ ಅಲೆ ಬೆಳಕಿನ ವೇಗದ ಮೂರರಲ್ಲೊಂದರಿಂದ ಅರ್ಧದಷ್ಟು ವೇಗದಲ್ಲಿ ಏರುತ್ತದೆ. ಹಾದುಹೋದಲ್ಲೆಲ್ಲ ಕೆಲವೇ ಸೆಂಟಿಮೀಟರ್ ದಪ್ಪದ ಕಾಲುವೆ ಸುಮಾರು 30,000 ಡಿಗ್ರಿಯವರೆಗೆ, ಎಂದರೆ ಸೂರ್ಯನ ಮೇಲ್ಮೈಯ ಐದು ಪಟ್ಟು, ಕಾದು ಕಣ್ಣು ಕುಕ್ಕುವ ಬೆಳಕು ಚೆಲ್ಲುತ್ತದೆ. ಅಷ್ಟು ಹಠಾತ್ತನೆ ಕಾದ ಗಾಳಿ ಸಿಡಿದು ಹಿಗ್ಗುವ ಸದ್ದೇ ಗುಡುಗು. ಆದ್ದರಿಂದ ಕಣ್ಣಿಗೆ ರಾಚುವ ಬೆಳಕು ನೆಲದಿಂದ ಏರುತ್ತದೆ ಎಂದು ಶಿಕ್ಷಕರು ಹೇಳಿದ್ದರೆ ಅದು ಸರಿ. ಸಿಡಿಲು ನೆಲದಲ್ಲಿ ಹುಟ್ಟುತ್ತದೆ ಎಂದು ಅವರ ಅಭಿಪ್ರಾಯವಾಗಿದ್ದರೆ, ನಿಮ್ಮ ಗಿಡದ ವಿಷಯದಲ್ಲಿ ಅದು ಸರಿಯಲ್ಲ.

ನಿಮ್ಮ ವಿಡಿಯೊ ಮಾತ್ರ ಅವರಿಗೆ ಸಾಕ್ಷಿಯಾಗಲಾರದು. ಆರು ಕಿಲೋಮೀಟರ್ ಏರಲು ರಿಟರ್ನ್ ಸ್ಟ್ರೋಕಿಗೆ ಹಿಡಿಯುವುದು ಸುಮಾರು 60 ಮೈಕ್ರೊಸೆಕೆಂಡು. ನಿಮ್ಮ ಮೊಬೈಲಿನ ಒಂದು ಚಿತ್ರದ ಅವಧಿಯಲ್ಲಿ ಅಂಥ ಓಟ ಅರವತ್ತಕ್ಕೂ ಹೆಚ್ಚು ಬಾರಿ ಮುಗಿಯಬಲ್ಲದು. ಅದರ ಏರುವಿಕೆ ಎರಡು ಚಿತ್ರಗಳಲ್ಲಿ ಹಂಚಿ ಕಾಣುವುದು ಸಾಧ್ಯವಿಲ್ಲ. ಕೆಳಗಿನ ಅರ್ಧ ಮೊದಲು ಬೆಳಗಿದಂತೆ ಕಂಡದ್ದಕ್ಕೆ ಕಾರಣ ಮೊಬೈಲಿನ ಸೆನ್ಸರ್. ಅದು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯದೆ ಸಾಲುಸಾಲಾಗಿ, ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ, ಓದಿಕೊಳ್ಳುತ್ತ ಹೋಗುತ್ತದೆ. ಅರ್ಧ ಸಾಲುಗಳನ್ನು ಓದಿ ಮುಗಿಸಿದ ಮೇಲೆ ಸಿಡಿಲು ಬೆಳಗಿದರೆ ಆ ಚಿತ್ರದ ಮೇಲಿನ ಅರ್ಧ ಕತ್ತಲಾಗಿಯೇ ಉಳಿದು, ಅದರ ಬೆಳಕು ಮುಂದಿನ ಚಿತ್ರದ ಪಾಲಿಗೆ ಹೋಗುತ್ತದೆ. ಸಂದೇಹವಿದ್ದರೆ ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡಿ: ಬೆಳಕು ಮತ್ತು ಕತ್ತಲೆಯ ಗಡಿ ಚಿತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಗೆರೆ ಎಳೆದಂತೆ ನೇರವಾಗಿರುತ್ತದೆ, ಸಿಡಿಲಿಲ್ಲದ ಆಕಾಶದ ಭಾಗವನ್ನೂ ಅದೇ ಗೆರೆ ಸೀಳಿರುತ್ತದೆ.

ನೆಲದಿಂದಲೇ ಹೊರಡುವ ಸಿಡಿಲುಗಳೂ ಇವೆ ಎಂಬುದನ್ನು ಇಲ್ಲಿ ಸೇರಿಸಬೇಕು. ನೂರು ಮೀಟರಿಗಿಂತ ಎತ್ತರದ ಕಟ್ಟಡ, ಟಿ.ವಿ. ಗೋಪುರ, ಬೆಟ್ಟದ ನೆತ್ತಿಯ ಗೋಪುರಗಳ ತುದಿಯಿಂದ ಲೀಡರ್ ತಾನಾಗಿ ಎದ್ದು ಮೋಡವನ್ನು ಸೇರುವುದುಂಟು. ಅವನ್ನು ಗುರುತಿಸುವುದು ಸುಲಭ: ಕವಲುಗಳು ಮೇಲ್ಮುಖವಾಗಿ ಬಿಚ್ಚಿಕೊಂಡಿರುತ್ತವೆ. ಕವಲು ಕೆಳಮುಖವಾಗಿದ್ದರೆ ಸಿಡಿಲು ಮೋಡದಿಂದ ಇಳಿದದ್ದು. ನಮ್ಮ ಬಯಲಿನ ಸಾಮಾನ್ಯ ಮೊಬೈಲ್ ಟವರುಗಳಿಂದ ಮೇಲ್ಮುಖ ಸಿಡಿಲು ಏಳುವುದು ಅಪರೂಪ.

ಒಂದು ಹೊಡೆತಕ್ಕೆ ಎಲ್ಲವೂ ಮುಗಿಯುವುದಿಲ್ಲ. ಮೋಡದೊಳಗಿನ ಧನ ತುದಿ ಹೊಸ ಆವೇಶವನ್ನು ಮುಟ್ಟುತ್ತಲೇ ಇರುವುದರಿಂದ, ಹತ್ತಾರು ಮಿಲಿಸೆಕೆಂಡುಗಳ ಬಿಡುವಿನ ನಂತರ, ಇನ್ನೂ ಬಿಸಿಯಾಗಿರುವ ಹಳೆಯ ಕಾಲುವೆಯಲ್ಲಿಯೇ ಇನ್ನೊಂದು ಲೀಡರ್ ಇಳಿಯುತ್ತದೆ. ದಾರಿ ಸಿದ್ಧವಿರುವುದರಿಂದ ಇದಕ್ಕೆ ನಿಲುಗಡೆಗಳಿಲ್ಲ. ವೇಗ ಮೊದಲಿನದರ ಐವತ್ತು ಪಟ್ಟಿನಷ್ಟು. ಒಂದು ಸಿಡಿಲಿನಲ್ಲಿ ಇಂಥ ಮೂರರಿಂದ ಐದು ಹೊಡೆತಗಳು ಸಾಮಾನ್ಯ, ಮಿಂಚು ಪಟಪಟನೆ ಮಿನುಗಿದಂತೆ ಕಾಣುವುದು ಅದರಿಂದಲೇ. ನಂತರದ ಲೀಡರ್ ಕೆಲವೊಮ್ಮೆ ನಡುದಾರಿಯಲ್ಲಿ ಹಳೆಯ ಕಾಲುವೆಯನ್ನು ಬಿಟ್ಟು ಹೊಸ ದಾರಿ ಹಿಡಿದು ಬೇರೆಯೇ ಜಾಗದಲ್ಲಿ ನೆಲ ಮುಟ್ಟುತ್ತದೆ. ಒಂದೇ ಮಿಂಚಿಗೆ ದೂರದೂರದ ಎರಡು ಗಿಡಗಳು ಸುಟ್ಟವೆಂದರೆ ಅದರಲ್ಲಿ ಪವಾಡವೇನಿಲ್ಲ. ಇನ್ನು ಕೆಲವು ಹೊಡೆತಗಳ ಬಾಲದಲ್ಲಿ ನೂರಾರು ಆಂಪಿಯರಿನ ವಿದ್ಯುತ್ತು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಹರಿಯುತ್ತಲೇ ಇರುತ್ತದೆ. ಕಣಕಿಯ ಬಣವೆಗೆ ಬೆಂಕಿ ಹಚ್ಚುವುದು ಮುಖ್ಯವಾಗಿ ಈ ನಿಧಾನದ ಹರಿವು. ಕ್ಷಣಮಾತ್ರದ ಹೊಡೆತ ಗಿಡವನ್ನು ಸೀಳುತ್ತದೆ, ಒಳಗಿನ ರಸವನ್ನು ಆವಿ ಮಾಡಿ ತೊಗಟೆಯನ್ನು ಸಿಡಿಸುತ್ತದೆ, ಆದರೆ ಬೆಂಕಿ ಹಚ್ಚಲೇಬೇಕೆಂದಿಲ್ಲ.

ಮೋಡದೊಳಗಿನ ಪಯಣದ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು ಹೇಳಬೇಕು, ಏಕೆಂದರೆ ಮಿಂಚುಗಳಲ್ಲಿ ಬಹುಪಾಲು ನೆಲಕ್ಕೆ ಬರುವುದೇ ಇಲ್ಲ. ಆವೇಶದ ಪದರ ಅಡ್ಡಲಾಗಿ ಹರಡಿದಲ್ಲೆಲ್ಲ ಲೀಡರೂ ಅಡ್ಡಲಾಗಿ ಹರಡಬಲ್ಲದು. ಅಮೆರಿಕದಲ್ಲಿ 2017ರ ಅಕ್ಟೋಬರಿನಲ್ಲಿ ಟೆಕ್ಸಾಸಿನಿಂದ ಕಾನ್ಸಾಸ್ ಸಿಟಿಯ ಸಮೀಪದವರೆಗೆ ಚಾಚಿದ ಒಂದು ಮಿಂಚಿನ ಉದ್ದ 829 ಕಿಲೋಮೀಟರ್ ಎಂದು ವಿಶ್ವ ಹವಾಮಾನ ಸಂಸ್ಥೆ 2025ರಲ್ಲಿ ದಾಖಲಿಸಿದೆ. ಅದು ಕಲಬುರಗಿಯಿಂದ ಬೆಂಗಳೂರಿಗಿರುವ ದೂರಕ್ಕಿಂತ ಹೆಚ್ಚು. ನೆದರ್ಲೆಂಡ್ಸಿನ ಲೋಫಾರ್ ಎಂಬ ರೇಡಿಯೊ ದೂರದರ್ಶಕದ ಆಂಟೆನಾಗಳಿಂದ ಮೋಡದೊಳಗಿನ ಕಾಲುವೆಯನ್ನು ಮೀಟರಿನ ಮಟ್ಟದಲ್ಲಿ ಗುರುತಿಸಲು ಸಾಧ್ಯವಾದಾಗ, ಧನ ಕಾಲುವೆಯ ಮೈಯಿಂದ ಸೂಜಿಗಳಂತೆ ಹೊರಚಾಚಿ ಮತ್ತೆ ಮತ್ತೆ ಮಿನುಗುವ ರಚನೆಗಳು ಕಂಡುಬಂದವು. 2019ರಲ್ಲಿ ಅದು ಪ್ರಕಟವಾಯಿತು. ನಮಗೆ ಹೆಚ್ಚು ಪ್ರಸ್ತುತವಾದದ್ದು ಇನ್ನೊಂದು: ಮೋಡದ ಪಕ್ಕದಿಂದ ಹೊರಬಿದ್ದು, ಅಡ್ಡಲಾಗಿ ಹತ್ತು ಹದಿನೈದು ಕಿಲೋಮೀಟರ್ ಸಾಗಿ, ಬಿಸಿಲಿರುವ ಜಾಗದಲ್ಲಿ ಇಳಿಯುವ ಸಿಡಿಲು. ಮಳೆ ಇನ್ನೂ ಪಕ್ಕದ ಊರಿನಲ್ಲಿದೆ ಎಂದು ಹೊಲದಲ್ಲಿ ಉಳಿದವರಿಗೆ ಬಡಿಯುವುದು ಇಂಥದೇ. ಗುಡುಗು ಕಿವಿಗೆ ಬಿತ್ತೆಂದರೆ ಪಕ್ಕಾ ಮನೆಯನ್ನೋ ಮುಚ್ಚಿದ ವಾಹನವನ್ನೋ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು ಎಂಬ ನಿಯಮ ಈ ಕಾರಣಕ್ಕೇ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪುಗಳು ಸುತ್ತಮುತ್ತ ಈಗಾಗಲೇ ಬಿದ್ದ ಸಿಡಿಲುಗಳನ್ನು ಆಧರಿಸಿ ಎಚ್ಚರಿಸುತ್ತವೆ. ಮುಂದಿನದು ಯಾವ ಹೊಲಕ್ಕೆ ಎಂದು ಯಾವ ಆ್ಯಪೂ ಹೇಳಲಾರದು. ಅದೇಕೆಂದು ಮೇಲೆ ವಿವರಿಸಿದ್ದೇನೆ.

ಉಳಿದದ್ದು ಮಿಂಚುವಾಹಕ. ಅದು ಸಿಡಿಲನ್ನು ಕರೆಯುವುದಿಲ್ಲ. ಪಂಪ್‌ಸೆಟ್ಟಿನ ಕೋಣೆಯ ಮೇಲೆ ಎರಡು ಮೀಟರಿನ ಸರಳು ನಿಲ್ಲಿಸಿದರೆ ನಿಲುಕಿನ ವೃತ್ತದಲ್ಲಿ ಆಗುವ ಹೆಚ್ಚಳ ಅತ್ಯಲ್ಪ; ಹೇಗಿದ್ದರೂ ಕೋಣೆಗೆ ಬೀಳಲಿದ್ದ ಸಿಡಿಲಿಗೆ ಅದು ಗೋಡೆಯನ್ನು ಬಿಟ್ಟು ತಂತಿಯ ದಾರಿ ಕೊಡುತ್ತದೆ. ಆದರೆ ‘ನಮ್ಮ ಸರಳು ನೂರು ಮೀಟರ್ ಸುತ್ತಳತೆಯನ್ನು ಕಾಯುತ್ತದೆ’ ಎಂದು ಹೆಚ್ಚಿನ ಬೆಲೆಗೆ ಮಾರುವ ವಿಶೇಷ ತಲೆಯ ಉಪಕರಣಗಳನ್ನು ನಂಬಬೇಡಿ. ಭಾರತವೂ ಅಳವಡಿಸಿಕೊಂಡಿರುವ ಅಂತರರಾಷ್ಟ್ರೀಯ ಮಾನದಂಡ 62305 ಅಂಥ ಹೆಚ್ಚುವರಿ ವ್ಯಾಪ್ತಿಯನ್ನು ಒಪ್ಪುವುದಿಲ್ಲ. ಸಾಮಾನ್ಯ ಸರಳಿಗೆ ಎಷ್ಟೋ ಅದಕ್ಕೂ ಅಷ್ಟೇ.

ಹಣ ಖರ್ಚು ಮಾಡುವುದಿದ್ದರೆ ಅರ್ತಿಂಗಿಗೆ ಮಾಡಿ. ಈ ವಿಷಯದಲ್ಲಿ ನಿಮ್ಮ ಎರೆ ಭೂಮಿ ಅನುಕೂಲಕರ: ತೇವವಿದ್ದಾಗ ಅದು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ, ಶಹಾಬಾದಿನ ಫರ್ಸಿ ಕಲ್ಲಿನ ಹಾಸಿನ ಮೇಲೆ, ಯಾದಗಿರಿ ಮತ್ತು ಸುರಪುರದ ಬಂಡೆಗಳ ನಡುವೆ ಅರ್ತಿಂಗ್ ಮಾಡುವವರ ಪಾಡು ಬೇರೆ. ಅಲ್ಲಿ ಸಿಡಿಲಿನ ವಿದ್ಯುತ್ತು ಆಳಕ್ಕಿಳಿಯದೆ ಮೇಲ್ಮೈಯಲ್ಲಿಯೇ ಹರಡುವುದರಿಂದ, ಗಿಡದಿಂದ ಕೊಂಚ ದೂರದಲ್ಲಿ ಕಟ್ಟಿದ ದನಗಳೂ ಮುಂಗಾಲು ಹಿಂಗಾಲುಗಳ ನಡುವೆ ವಿದ್ಯುತ್ತು ಹಾದು ಸಾಯುತ್ತವೆ. ಎರೆಯಲ್ಲೂ ಗಿಡದ ಬುಡ ಸುರಕ್ಷಿತವಲ್ಲ, ಅಪಾಯದ ಹರವು ಮಾತ್ರ ಕಡಿಮೆ. ಎರೆಗೆ ಇರುವ ಒಂದೇ ದೋಷವೆಂದರೆ, ಸಿಡಿಲು ಹೆಚ್ಚಾಗಿ ಬೀಳುವ ಏಪ್ರಿಲ್–ಮೇ ತಿಂಗಳುಗಳಲ್ಲಿಯೇ ಅದು ಒಣಗಿ, ಮೀಟರಿನ ಆಳದವರೆಗೆ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ಅರ್ತಿಂಗಿನ ಸರಳು ಬಿರುಕಿನ ಆಳವನ್ನು ದಾಟಿ ಕನಿಷ್ಠ ಮೂರು ಮೀಟರ್ ಇಳಿದಿರಲಿ, ಪಂಪಿನ ಕೇಸಿಂಗ್ ಪೈಪು ಮತ್ತು ಸ್ಟಾರ್ಟರಿನ ಅರ್ತ್ ತಂತಿಯನ್ನೂ ಅದಕ್ಕೇ ಜೋಡಿಸಿರಲಿ. ತಡೆಯನ್ನು ಮೀಟರಿನಿಂದ ಅಳೆಸುವುದು ಮಳೆಗಾಲದಲ್ಲಿ ಬೇಡ. ಬೇಸಿಗೆಯ ನಡುವಿನಲ್ಲಿ ಅಳೆಸಿ, ಆಗಲೂ ಅದು ಹತ್ತು ಓಮ್‌ಗಿಂತ ಹೆಚ್ಚಿದ್ದರೆ ಇನ್ನೊಂದು ಸರಳನ್ನು ಮೂರು ಮೀಟರಿಗಿಂತ ಹೆಚ್ಚು ದೂರದಲ್ಲಿ ಇಳಿಸಿ ಎರಡನ್ನೂ ತಾಮ್ರದ ಅಥವಾ ಜಿ.ಐ. ಪಟ್ಟಿಯಿಂದ ಕೂಡಿಸಿ.